ಭಾಷಾ ಬೋಧನೆ ಮತ್ತು ಮೌಲ್ಯಮಾಪನದಲ್ಲಿ ಭಾಷಾ ಸಂಚಯದ ಬಳಕೆ

ಬರಹ ಹಾಗೂ ಮಾತಿನ ಮಾದರಿಗಳನ್ನು ನಿರ್ದಿಷ್ಟ ಕ್ರಮದಲ್ಲಿ ಆಯ್ದು, ಗಣಕದಲ್ಲಿ ಹುಡುಕಲು ಅನುಕೂಲವಾಗುವಂತೆ ಶೇಖರಿಸಿದ ಪಠ್ಯರಾಶಿಗೆ ಭಾಷಾ ಸಂಚಯ ಎಂದು ಹೆಸರು. ಕಾರ್ಪಸ್ ಎಂಬ ಪದವೂ ರೂಢಿಯಲ್ಲಿದೆ. ಗಣಕ ಬರುವ ಮೊದಲೇ ಕನ್ನಡದಲ್ಲಿ ಇಂತಹ ಕೆಲಸ ನಡೆದಿತ್ತು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು, ಶಾಸನ ಹಾಗೂ ಗ್ರಂಥಗಳಿಂದ ಚೀಟಿಗಳಿಗೆ ಇಳಿಸಿಕೊಂಡ ಪ್ರಯೋಗಗಳ ಆಧಾರದ ಮೇಲೆ ರಚಿತವಾದುದಾಗಿದೆ. ಮೈಸೂರಿನಲ್ಲಿ 1969ರಲ್ಲಿ ಸ್ಥಾಪನೆಗೊಂಡ ಭಾರತೀಯ ಭಾಷಾ ಸಂಸ್ಥಾನವು 1990ರ ದಶಕದಲ್ಲಿ ಕನ್ನಡದ ಗಣಕೀಕೃತ ಸಂಚಯವನ್ನು ಸಿದ್ಧಪಡಿಸಿತು.

ಕನ್ನಡ ಕಲಿಯುವವರಿಗೆ ಇದರ ಪ್ರಯೋಜನ ನೇರವಾದುದು. 'ಅರ್ಜಿ' ಎಂಬ ಪದವನ್ನು ಹುಡುಕಿದರೆ ಅದು ಬಂದಿರುವ ವಾಕ್ಯಗಳೆಲ್ಲವೂ ಒಂದರ ಕೆಳಗೊಂದರಂತೆ ತೆರೆದುಕೊಳ್ಳುತ್ತವೆ. ಅರ್ಜಿ ಸಲ್ಲಿಸುವುದು, ಹಾಕುವುದು, ಗುಜರಾಯಿಸುವುದು ಎಲ್ಲೆಲ್ಲಿ ಯಾವ ಧಾಟಿಗೆ ಹೊಂದುತ್ತದೆ ಎಂಬುದನ್ನು ವಿದ್ಯಾರ್ಥಿ ತಾನೇ ಗ್ರಹಿಸಬಹುದು. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಗದ್ಯಭಾಗದ ಪದಗಳು ಎಷ್ಟು ಬಳಕೆಯಲ್ಲಿವೆ ಎಂದು ಮೊದಲೇ ಪರಿಶೀಲಿಸಬಹುದು. ಆದರೆ ಬರಿಯ ಎಣಿಕೆಯನ್ನು ನಂಬುವಂತಿಲ್ಲ. ಕನ್ನಡದಲ್ಲಿ 'ಮನೆ' ಎಂಬುದು ಮನೆಗೆ, ಮನೆಯಲ್ಲಿ, ಮನೆಯಿಂದಲೂ, ಮನೆಯಲ್ಲಿದ್ದವರಿಗೆ ಎಂದು ರೂಪ ತಾಳುತ್ತದೆ. ಇವನ್ನು ಮೂಲಪದಕ್ಕೆ ಸೇರಿಸಿ ಎಣಿಸದಿದ್ದಲ್ಲಿ ದಿನಬಳಕೆಯ ಪದವೂ ಅಪರೂಪದ್ದೆಂದು ಕಾಣಬಹುದು.

ಸಂಚಯದಲ್ಲಿ ಕಾಣದ ಪ್ರಯೋಗವನ್ನು ತಪ್ಪೆಂದು ಎಣಿಸುವುದು ಇದಕ್ಕಿಂತ ದೊಡ್ಡ ಪ್ರಮಾದ. ಶಿರಸಿ ತಾಲ್ಲೂಕಿನ ಹುಲೇಕಲ್ ಭಾಗದ ವಿದ್ಯಾರ್ಥಿಯೊಬ್ಬನು 'ನಮ್ಮ ತೋಟಕ್ಕೆ ಎರಡು ಎಕರೆ ಬೆಟ್ಟವಿದೆ' ಎಂದು ಬರೆದನೆನ್ನಿ. ಬಯಲುಸೀಮೆಯ ಮೌಲ್ಯಮಾಪಕರಿಗೆ ಬೆಟ್ಟವೆಂದರೆ ಗುಡ್ಡಕ್ಕಿಂತ ಎತ್ತರವಾದುದು. ಅದು ತೋಟಕ್ಕೆ ಇರುವುದು ಹೇಗೆ? ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ತರಗೆಲೆ ತರಲು ಬಿಟ್ಟುಕೊಟ್ಟ ಅರಣ್ಯಭೂಮಿಯೇ ಬೆಟ್ಟ. ಸರಕಾರಿ ದಾಖಲೆಗಳಲ್ಲಿಯೂ ಪದವು ಈ ಅರ್ಥದಲ್ಲಿ ಬಳಕೆಯಲ್ಲಿದೆ. ಅಂತೆಯೇ ಇಲ್ಲಿನ ಹವ್ಯಕ ಮನೆಗಳಲ್ಲಿ ಕೂಸು ಎಂದರೆ ಹುಡುಗಿ, ಮಾಣಿ ಎಂದರೆ ಹುಡುಗ. ಮುದ್ರಿತ ಪುಸ್ತಕಗಳನ್ನೇ ಹೆಚ್ಚಾಗಿ ಆಧರಿಸಿದ ಸಂಚಯದಲ್ಲಿ ಇಂತಹ ಅರ್ಥಗಳು ವಿರಳ. ಆದುದರಿಂದ ಅಂಕ ಕಳೆಯುವ ಮುನ್ನ ಸ್ಥಳೀಯ ಶಿಕ್ಷಕರನ್ನು ವಿಚಾರಿಸುವುದು ಅವಶ್ಯಕ. ಶಾಲೆಗಳು ಮಕ್ಕಳ ಪ್ರಬಂಧಗಳನ್ನೂ ಊರಿನ ಹಿರಿಯರ ಮಾತನ್ನೂ ಅವರ ಒಪ್ಪಿಗೆ ಪಡೆದು, ಹೆಸರು ತೆಗೆದು, ತಮ್ಮದೇ ಕಿರುಸಂಚಯವಾಗಿ ಕೂಡಿಡಬಹುದು. ಇದಕ್ಕೆ ಸಾಧಾರಣ ಗಣಕವೊಂದು ಸಾಕು. ಯೂನಿಕೋಡ್ ಅಕ್ಷರಗಳಲ್ಲಿಯೇ ಬೆರಳಚ್ಚು ಮಾಡತಕ್ಕದ್ದು.

ಸಿದ್ಧ ಸಂಚಯವನ್ನು ಪಡೆಯಲಿಚ್ಛಿಸುವವರು ಭಾರತೀಯ ಭಾಷಾ ಸಂಸ್ಥಾನದ ಎಲ್‌ಡಿಸಿ-ಐಎಲ್ ಯೋಜನೆಯ ಜಾಲತಾಣದಲ್ಲಿ ವಿವರಗಳನ್ನು ನೋಡಬಹುದು. ಶೈಕ್ಷಣಿಕ ಹಾಗೂ ವಾಣಿಜ್ಯ ಬಳಕೆಯ ಷರತ್ತುಗಳು ಬೇರೆ ಬೇರೆಯಾಗಿರುವುದರಿಂದ ಕೋರಿಕೆಯಲ್ಲಿ ಉದ್ದೇಶವನ್ನು ಸ್ಪಷ್ಟವಾಗಿ ನಮೂದಿಸಬೇಕು.