ಸ್ಮಾರ್ಟ್ ಕ್ಲಾಸ್ ಇದ್ದರೆ ಮಕ್ಕಳು ಬೇಗ ಕಲಿಯುತ್ತಾರೆಯೇ? ಸ್ವೀಡನ್ ಟ್ಯಾಬ್ ನಿಷೇಧಿಸಿದ್ದು ನಿಜವೇ?

"ಸ್ವೀಡನ್ ದೇಶ ಶಾಲೆಗಳಲ್ಲಿ ಟ್ಯಾಬ್, ಕಂಪ್ಯೂಟರ್ ನಿಷೇಧಿಸಿದೆ. ನಾವು ಮಾತ್ರ ಇನ್ನೂ ಮಕ್ಕಳ ಕೈಗೆ ಕೊಡುತ್ತಿದ್ದೇವೆ" ಎಂಬ ಸಂದೇಶ ಒಂದು ಗ್ರೂಪಿನಲ್ಲಿ. "ಸ್ಮಾರ್ಟ್ ಬೋರ್ಡ್ ಇರುವ ಶಾಲೆಗೇ ಸೇರಿಸಿ, ಮಕ್ಕಳು ಬೇಗ ಕಲಿಯುತ್ತಾರೆ" ಎಂಬ ಸಂದೇಶ ಇನ್ನೊಂದರಲ್ಲಿ. ಎರಡೂ ಪೂರ್ತಿ ನಿಜವಲ್ಲ.

ಮೊದಲು ಸ್ವೀಡನ್. 2023ರಲ್ಲಿ ಅಲ್ಲಿನ ಸರ್ಕಾರ ಪುಟ್ಟ ಮಕ್ಕಳ ಶಿಶುವಿಹಾರಗಳಲ್ಲಿ ಡಿಜಿಟಲ್ ಸಾಧನ ಕಡ್ಡಾಯ ಎಂಬ ನಿಯಮವನ್ನು ಕೈಬಿಡುವುದಾಗಿ ಹೇಳಿತು. ಮುದ್ರಿತ ಪಠ್ಯಪುಸ್ತಕ ಕೊಳ್ಳಲು ಶಾಲೆಗಳಿಗೆ ಹೆಚ್ಚುವರಿ ಹಣ ಕೊಟ್ಟಿತು. ಚಿಕ್ಕವರಿಗೆ ಪುಸ್ತಕ, ಕೈಬರಹಕ್ಕೆ ಆದ್ಯತೆ ಕೊಟ್ಟಿದ್ದು ನಿಜ. ಆದರೆ ಎಲ್ಲ ಶಾಲೆಗಳಿಂದ ಕಂಪ್ಯೂಟರ್ ಹೊರಹಾಕಿಲ್ಲ.

ಇನ್ನು ಸ್ಮಾರ್ಟ್ ಬೋರ್ಡ್ ವಿಷಯ. ಇದಕ್ಕೆ ಉತ್ತರ ಹುಡುಕಲು ಯುರೋಪಿಗೆ ಹೋಗಬೇಕಿಲ್ಲ, ಗುಜರಾತಿನಲ್ಲೇ ಇದೆ.

ವಡೋದರದ ಪಾಲಿಕೆ ಶಾಲೆಗಳಿಗೆ ಸರ್ಕಾರ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. ಹೆಚ್ಚಿನವು ಬಳಕೆಯಾಗದೆ ಸುಮ್ಮನೆ ಕುಳಿತಿದ್ದವು. (ಇದು ನಮಗೂ ಹೊಸ ಕಥೆಯೇನಲ್ಲ.) 'ಪ್ರಥಮ್' ಸಂಸ್ಥೆ ಅವನ್ನು ಬಳಕೆಗೆ ತಂದಿತು. ನಾಲ್ಕನೇ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ, ಒಂದು ಕಂಪ್ಯೂಟರಿಗೆ ಇಬ್ಬರಂತೆ ಕುಳಿತು ಗಣಿತದ ಆಟ ಆಡುತ್ತಿದ್ದರು. ಸರಿ ಉತ್ತರ ಕೊಟ್ಟಂತೆ ಲೆಕ್ಕ ಕಠಿಣವಾಗುತ್ತಿತ್ತು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಗಣಿತದ ಅಂಕ ಸ್ಪಷ್ಟವಾಗಿ ಏರಿತ್ತು. ಆದರೆ ಕಾರ್ಯಕ್ರಮ ನಿಂತು ಒಂದು ವರ್ಷವಾಗುವಷ್ಟರಲ್ಲಿ ಆ ಲಾಭದ ಬಹುಪಾಲು ಕರಗಿಹೋಗಿತ್ತು.

ಇದೇ ತಂಡದಲ್ಲಿದ್ದ ಲೀ ಲಿಂಡೆನ್ ಮತ್ತೊಂದು ಪ್ರಯೋಗ ಮಾಡಿದರು. ಗುಜರಾತಿನ 'ಜ್ಞಾನ ಶಾಲಾ' ಸಂಸ್ಥೆಯ ಶಾಲೆಗಳಲ್ಲಿ 2 ಮತ್ತು 3ನೇ ತರಗತಿಯ ಮಕ್ಕಳಿಗೆ ಗಣಿತದ ಕಂಪ್ಯೂಟರ್ ಪಾಠವನ್ನು ಎರಡು ರೀತಿಯಲ್ಲಿ ಕೊಟ್ಟರು. ಒಂದು ಕಡೆ ಟೀಚರ್ ಪಾಠ ಮಾಡಬೇಕಾದ ಸಮಯದಲ್ಲೇ ಮಕ್ಕಳನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಇನ್ನೊಂದು ಕಡೆ ಟೀಚರ್ ಪಾಠವನ್ನು ಹಾಗೇ ಬಿಟ್ಟು, ಶಾಲೆಯ ಅವಧಿಯ ಹೊರಗೆ ಕೂರಿಸಿದರು. ಎರಡನೇ ರೀತಿಯಲ್ಲಿ ಕಲಿಕೆ ಹೆಚ್ಚಿತು, ಅದರಲ್ಲೂ ಹಿಂದುಳಿದ ಮಕ್ಕಳಿಗೆ ಹೆಚ್ಚು ಉಪಯೋಗವಾಯಿತು. ಮೊದಲನೇ ರೀತಿಯಲ್ಲಿ ಮಕ್ಕಳು ಕಂಪ್ಯೂಟರನ್ನೇ ಮುಟ್ಟದ ಮಕ್ಕಳಿಗಿಂತ ಕಡಿಮೆ ಕಲಿತಿದ್ದರು! ಚೆನ್ನಾಗಿ ನಡೆಯುತ್ತಿದ್ದ ಟೀಚರ್ ಪಾಠದ ಜಾಗವನ್ನು ಯಂತ್ರ ಕಿತ್ತುಕೊಂಡಿತ್ತು.

ಪೆರು ದೇಶ ಹಳ್ಳಿ ಶಾಲೆಗಳ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿತು. 319 ಶಾಲೆಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಣಿತ, ಭಾಷೆ ಎರಡರಲ್ಲೂ ಸುಧಾರಣೆ ಕಾಣಲಿಲ್ಲ.

ಹಾಗಾದರೆ ತರಗತಿಯಲ್ಲಿ ವಿಡಿಯೊ ತೋರಿಸಲೇಬಾರದೇ? ತೋರಿಸಬಹುದು. ನಮ್ಮ ಪಠ್ಯಪುಸ್ತಕಗಳಲ್ಲಿ ಪಾಠದ ಜೊತೆ ಮುದ್ರಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 2017ರಲ್ಲಿ ಆರಂಭವಾದ 'ದೀಕ್ಷಾ' ವೇದಿಕೆಯ ವಿಡಿಯೊ, ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಚಂದ್ರ ಏಕೆ ದಿನದಿನಕ್ಕೆ ಆಕಾರ ಬದಲಿಸುತ್ತಾನೆ ಎಂಬುದನ್ನು ಕರಿಹಲಗೆಯ ಮೇಲೆ ವಿವರಿಸುವುದು ಕಷ್ಟ, ಚಲಿಸುವ ಚಿತ್ರದಲ್ಲಿ ಸುಲಭ. ಆದರೆ ಮೇಷ್ಟ್ರು ವಿಡಿಯೊ ಹಚ್ಚಿ ಹಾಜರಿ ಪುಸ್ತಕ ತುಂಬುತ್ತಾ ಕುಳಿತರೆ ಅದು ಟಿವಿ ನೋಡಿದಂತೆ. ನಡುವೆ ನಿಲ್ಲಿಸಿ "ನಾಳೆ ಚಂದ್ರ ಹೇಗೆ ಕಾಣಬಹುದು?" ಎಂದು ಕೇಳಿ, ಮಕ್ಕಳಿಂದ ಚಿತ್ರ ಬರೆಸಿ, ಆಮೇಲೆ ಮುಂದಿನ ಭಾಗ ತೋರಿಸಿದರೆ ಅದು ಪಾಠ.

ಮಗುವಿನ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿದ್ದರೆ ಪೋಷಕರ ಸಭೆಯಲ್ಲಿ ಅದರ ಬೆಲೆ, ಅಳತೆ ಕೇಳುವ ಬದಲು ಹೀಗೆ ಕೇಳಿ: ವಾರಕ್ಕೆ ಎಷ್ಟು ಹೊತ್ತು, ಯಾವ ಪಾಠಕ್ಕೆ ಬಳಸುತ್ತೀರಿ? ಆ ಹೊತ್ತಿನಲ್ಲಿ ಮೊದಲು ಏನು ನಡೆಯುತ್ತಿತ್ತು? ಅದು ಓದು, ಬರಹ, ಮಗ್ಗಿಯ ಸಮಯವಾಗಿದ್ದರೆ, ಆ ಅಭ್ಯಾಸ ಈಗ ಯಾವಾಗ ನಡೆಯುತ್ತಿದೆ ಎಂದೂ ಕೇಳಿ.