ಉಪ್ಸಾಲಾದಲ್ಲಿ ಕೂಡಿದ ಎರಡು ಬಾಲಗಳು

ಗಾಯವಾದಾಗ ರಕ್ತದ ಪ್ಲೇಟ್‌ಲೆಟ್‌ಗಳಿಂದ ಹೊರಬಿದ್ದು, ಸುತ್ತಲಿನ ಜೀವಕೋಶಗಳಿಗೆ ವಿಭಜನೆಯ ಸೂಚನೆ ಮುಟ್ಟಿಸುವ ಪ್ರೋಟೀನ್ ಒಂದಿದೆ. ಹೆಸರು ಪಿಡಿಜಿಎಫ್. 1979ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಕಾರ್ಲ್-ಹೆನ್ರಿಕ್ ಹೆಲ್ಡಿನ್, ಬೆಂಗ್ಟ್ ವೆಸ್ಟರ್‌ಮಾರ್ಕ್ ಮತ್ತು ಸಂಗಡಿಗರು ಅದನ್ನು ಶುದ್ಧೀಕರಿಸಿದರು. ಕೋತಿಗಳಲ್ಲಿ ಗೆಡ್ಡೆ ಹುಟ್ಟಿಸುವ ವೈರಸ್ಸೊಂದರ ಜೀನಿಗೂ ಇದಕ್ಕೂ ನಂಟಿದೆಯೆಂದು 1983ರಲ್ಲಿ ಬಯಲಾದ ಮೇಲಂತೂ ಕ್ಯಾನ್ಸರ್ ಸಂಶೋಧಕರು ಇದರ ಬೆನ್ನುಹತ್ತಿದರು.

ಆದರೆ ಇಂಥ ಪ್ರೋಟೀನ್‌ಗಳು ಇರುವುದೇ ಅತ್ಯಲ್ಪ. ಅವನ್ನು ಪತ್ತೆಹಚ್ಚಲು ಇದ್ದ ಮುಖ್ಯ ಸಾಧನವೆಂದರೆ ಪ್ರಾಣಿಗಳ ದೇಹದಿಂದಲೋ ಸಾಕಿದ ಜೀವಕೋಶಗಳಿಂದಲೋ ಪಡೆಯಬೇಕಾದ ಪ್ರತಿಕಾಯ.

1990ರಲ್ಲಿ ಬೇರೊಂದು ದಾರಿ ತೆರೆಯಿತು. ಕೊಲರಾಡೊದ ಬೌಲ್ಡರ್‌ನಲ್ಲಿ ಕ್ರೇಗ್ ಟ್ಯೂರ್ಕ್, ಲ್ಯಾರಿ ಗೋಲ್ಡ್ ಇಬ್ಬರೂ ಆರ್‌ಎನ್‌ಎ ಎಳೆಯೊಂದರ ಎಂಟು ಸ್ಥಾನಗಳಲ್ಲಿ ಅಕ್ಷರಗಳನ್ನು ಮನಬಂದಂತೆ ಬದಲಿಸಿದರು. 65,536 ಬಗೆಗಳು ಸಿಕ್ಕವು. ಗುರಿಯ ಪ್ರೋಟೀನಿಗೆ ಅಂಟಿದವನ್ನು ಉಳಿಸಿಕೊಂಡು, ಮಿಕ್ಕವನ್ನು ತೊಳೆದು, ಉಳಿದವುಗಳ ನಕಲು ತೆಗೆದು, ಮತ್ತೆ ಸೋಸಿದರು. ಅದೇ ವರ್ಷ ಬೋಸ್ಟನ್ನಿನಲ್ಲಿ ಆಂಡ್ರ್ಯೂ ಎಲಿಂಗ್ಟನ್ ಮತ್ತು ಜ್ಯಾಕ್ ಶೋಸ್ಟಾಕ್ ಬಣ್ಣದ ಅಣುಗಳನ್ನು ಗುರಿಯಾಗಿಟ್ಟುಕೊಂಡು ಇಂಥದೇ ಪ್ರಯೋಗ ಮಾಡಿದ್ದರು. ಹೀಗೆ ಆರಿಸಿ ತೆಗೆದ ಎಳೆಗಳಿಗೆ ಅವರಿಟ್ಟ ಆಪ್ಟಮರ್ ಎಂಬ ಹೆಸರೇ ನಿಂತಿತು.

1996ರಲ್ಲಿ ಬೌಲ್ಡರ್‌ನ ನೆಕ್ಸ್‌ಸ್ಟಾರ್ ಕಂಪನಿಯ ವಿಜ್ಞಾನಿಗಳು ಪಿಡಿಜಿಎಫ್ ಅನ್ನು ಬಿಗಿಯಾಗಿ ಹಿಡಿಯುವ ಡಿಎನ್‌ಎ ಆಪ್ಟಮರ್ ಪ್ರಕಟಿಸಿದರು. ರಕ್ತನಾಳ ಬೆಳೆಸುವ ಸಂಕೇತವಾದ ವಿಇಜಿಎಫ್ ಅನ್ನು ರಕ್ತದ ಸೀರಮ್‌ನಲ್ಲಿ ಅಳೆಯಲು ಪ್ರತಿಕಾಯದ ಜಾಗದಲ್ಲಿ ಆಪ್ಟಮರ್ ಕೂರಿಸಿದ ಪರೀಕ್ಷೆಯೂ ಅದೇ ವರ್ಷ ಬಂತು. ಉಪಯುಕ್ತ ಕೆಲಸ, ನಿಜ. ಆದರೂ ಅಲ್ಲಿ ಆಪ್ಟಮರ್ ಮಾಡಿದ್ದು ಪ್ರತಿಕಾಯ ಮಾಡುತ್ತಿದ್ದ ಕೆಲಸವನ್ನೇ.

ಅದು ಬೇರೆಯೇ ಬಗೆಯ ಕೆಲಸಕ್ಕೆ ಇಳಿದದ್ದು 2002ರಲ್ಲಿ, ಮತ್ತೆ ಉಪ್ಸಾಲಾದಲ್ಲೇ. ಪಿಡಿಜಿಎಫ್‌ನ ಒಂದು ರೂಪದಲ್ಲಿ ಎರಡು ಸಮಾನ ಭಾಗಗಳಿವೆ. ಹಾಗಾಗಿ ಒಂದೇ ಅಣುವಿನ ಮೇಲೆ ಎರಡು ಆಪ್ಟಮರ್ ಕೂರಬಲ್ಲವು. ಸೈಮನ್ ಫ್ರೆಡ್ರಿಕ್ಸನ್, ಉಲ್ಫ್ ಲಾಂಡೆಗ್ರೆನ್ ಮತ್ತು ಸಂಗಡಿಗರು ಆಪ್ಟಮರ್‌ಗಳಿಗೆ ಡಿಎನ್‌ಎ ಬಾಲ ಸೇರಿಸಿದರು. ಎರಡೂ ಒಂದೇ ಅಣುವಿನ ಮೇಲೆ ಕೂತರೆ ಬಾಲಗಳು ಹತ್ತಿರ ಬರುತ್ತವೆ, ಕಿಣ್ವ ಅವನ್ನು ಬೆಸೆಯುತ್ತದೆ, ಬೆಸೆದ ಎಳೆಯನ್ನು ಪಿಸಿಆರ್ ಕೋಟಿಗಟ್ಟಲೆ ನಕಲಿಸುತ್ತದೆ. ತೊಳೆಯುವ ಗೊಡವೆಯೇ ಇಲ್ಲ. ಅವರು ಪತ್ತೆಹಚ್ಚಿದ ಪ್ರಮಾಣ 40 ಜೆಪ್ಟೊಮೋಲ್, ಅಂದರೆ ಸುಮಾರು 24,000 ಅಣು! ಪ್ರೋಟೀನನ್ನು ನಕಲಿಸಲು ಯಾವ ಉಪಾಯವೂ ಇಲ್ಲ. ಅದರ ಇರವನ್ನೇ ಡಿಎನ್‌ಎ ಆಗಿ ಬರೆದಿಟ್ಟ ಈ ಜಾಣ್ಮೆ ಆಪ್ಟಮರ್‌ಗಳ ಚರಿತ್ರೆಯಲ್ಲೇ ಅತ್ಯಂತ ಸೊಗಸಾದದ್ದು.

ಎಲ್ಲ ಪ್ರೋಟೀನಿಗೂ ಒಳ್ಳೆಯ ಆಪ್ಟಮರ್ ಜೋಡಿ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಅದೇ ಊರಿನವರು ಡಿಎನ್‌ಎ ಬಾಲವನ್ನು ಪ್ರತಿಕಾಯಗಳಿಗೇ ಕಟ್ಟಿದರು. ಇದರಿಂದ 2006ರ ಹೊತ್ತಿಗೆ ಜೀವಕೋಶದೊಳಗೆ ಎರಡು ಪ್ರೋಟೀನ್‌ಗಳು ಕೂಡಿರುವ ತಾಣ ಸೂಕ್ಷ್ಮದರ್ಶಕದಲ್ಲಿ ಚುಕ್ಕಿಯಾಗಿ ಕಾಣತೊಡಗಿತ್ತು. ಇತ್ತ ಗೋಲ್ಡ್ ಕಟ್ಟಿದ ಸೋಮಾಲಾಜಿಕ್ ಕಂಪನಿ ಆಪ್ಟಮರ್ ಕೈಬಿಡದೆ ಅದರ ಅಕ್ಷರಗಳನ್ನೇ ರಾಸಾಯನಿಕವಾಗಿ ಮಾರ್ಪಡಿಸಿತು. 2010ರಲ್ಲಿ ಒಂದೇ ಮಾದರಿಯಲ್ಲಿ 813 ಪ್ರೋಟೀನ್‌ಗಳನ್ನು ಅಳೆಯುವ ವಿಧಾನ ಪ್ರಕಟಿಸಿತು.