ತಲಶ್ಶೇರಿ ನೌಕಾಕಾಳಗ (1791)

1791ರ ನವೆಂಬರ್‌ನಲ್ಲಿ ಮಲಬಾರ್ ಕರಾವಳಿಯ ತಲಶ್ಶೇರಿ ಬಳಿ ಬ್ರಿಟನ್ನಿನ ‘ಫೀನಿಕ್ಸ್’ ಮತ್ತು ಫ್ರಾನ್ಸಿನ ‘ರೆಸೊಲ್ಯೂ’ ಎಂಬ ಎರಡು ಫ್ರಿಗೇಟುಗಳ ನಡುವೆ ನಡೆದ ಕಾಳಗ. ಆ ಹೊತ್ತಿಗೆ ಎರಡೂ ದೇಶಗಳ ನಡುವೆ ಯುದ್ಧವೇ ಇರಲಿಲ್ಲ. ಜಗಳ ಹುಟ್ಟಿದ್ದು ಮಂಗಳೂರಿನ ಕಾರಣಕ್ಕೆ.

ಬ್ರಿಟಿಷರಿಗೂ ಮೈಸೂರಿನ ಟಿಪ್ಪು ಸುಲ್ತಾನನಿಗೂ ನಡೆಯುತ್ತಿದ್ದ ಮೂರನೆಯ ಮೈಸೂರು ಯುದ್ಧ ಬಿರುಸಾಗಿತ್ತು. ಗವರ್ನರ್ ಜನರಲ್ ಚಾರ್ಲ್ಸ್ ಕಾರ್ನ್‌ವಾಲಿಸ್ ಮಾರ್ಚ್‌ನಲ್ಲಿ ಬೆಂಗಳೂರನ್ನು ಹಿಡಿದು, ಅಕ್ಟೋಬರ್‌ನಲ್ಲಿ ನಂದಿದುರ್ಗವನ್ನೂ ಗೆದ್ದು, ಶ್ರೀರಂಗಪಟ್ಟಣದ ಮೇಲೆ ಕಣ್ಣಿಟ್ಟಿದ್ದ. ಅವನ ತಮ್ಮ ಕಮೊಡೋರ್ ವಿಲಿಯಂ ಕಾರ್ನ್‌ವಾಲಿಸ್ ತಲಶ್ಶೇರಿಯಲ್ಲಿ ಲಂಗರು ಹಾಕಿ ಟಿಪ್ಪುವಿನ ಕರಾವಳಿಯನ್ನು ಕಾಯುತ್ತಿದ್ದ. ಅಣ್ಣ ಘಟ್ಟದ ಮೇಲೆ, ತಮ್ಮ ಘಟ್ಟದ ಕೆಳಗೆ: ಮೈಸೂರನ್ನು ಎರಡೂ ಕಡೆಯಿಂದ ಬಿಗಿಯುವ ಲೆಕ್ಕಾಚಾರವದು. ಫ್ರೆಂಚ್ ಹಡಗುಗಳಲ್ಲಿ ಟಿಪ್ಪುವಿಗೆ ಮದ್ದುಗುಂಡು ಬರುತ್ತಿದೆ ಎಂಬ ಗುಮಾನಿ ಬ್ರಿಟಿಷರಿಗಿತ್ತು. ಫ್ರೆಂಚರ ಮಾಹೆ ತಲಶ್ಶೇರಿಯ ಮಗ್ಗುಲಲ್ಲೇ ಇದ್ದುದರಿಂದ ಅಲ್ಲಿಂದ ಹೊರಟ ಹಡಗುಗಳು ಇವರ ಕಣ್ಣಿಗೆ ಬೀಳದೆ ಹೋಗುವಂತಿರಲಿಲ್ಲ.

ಮಾಹೆಯಿಂದ ರೆಸೊಲ್ಯೂ ಎರಡು ವ್ಯಾಪಾರಿ ಹಡಗುಗಳಿಗೆ ಬೆಂಗಾವಲಾಗಿ ಟಿಪ್ಪುವಿನ ಬಂದರಾದ ಮಂಗಳೂರಿನತ್ತ ಹೊರಟಿತು. ಅವುಗಳನ್ನು ತಡೆದು ತಪಾಸಣೆ ಮಾಡಲು ವಿಲಿಯಂ ಕಾರ್ನ್‌ವಾಲಿಸ್ ಎರಡು ಫ್ರಿಗೇಟುಗಳನ್ನು ಕಳಿಸಿದ. ಒಂದು ಸರ್ ರಿಚರ್ಡ್ ಸ್ಟ್ರಾಚನ್‌ನ ಫೀನಿಕ್ಸ್, ಇನ್ನೊಂದು ‘ಪರ್ಸಿವಿಯರೆನ್ಸ್’. ಅದರ ಕಪ್ತಾನ ಐಸಾಕ್ ಸ್ಮಿತ್, ಹಿಂದೆ ಜೇಮ್ಸ್ ಕುಕ್‌ನ ಜೊತೆ ಆಸ್ಟ್ರೇಲಿಯದ ಪೂರ್ವ ತೀರಕ್ಕೆ ಹೋಗಿಬಂದವನು.

ತಪಾಸಣೆಗೆ ಒಪ್ಪದ ಫ್ರೆಂಚ್ ಕಪ್ತಾನ ಫಿರಂಗಿ ಹಾರಿಸಿದ. ಕಾದಾಡಿದ್ದು ಮುಖ್ಯವಾಗಿ ಫೀನಿಕ್ಸ್ ಒಂದೇ. ಅದರ ದೊಡ್ಡ ಫಿರಂಗಿಗಳ ಒಂದೊಂದು ಗುಂಡು 18 ಪೌಂಡ್, ಅಂದರೆ 8 ಕಿಲೋಗಿಂತ ತುಸು ಹೆಚ್ಚು. ರೆಸೊಲ್ಯೂ ಹಾರಿಸುತ್ತಿದ್ದ ಗುಂಡು ಸುಮಾರು 6 ಕಿಲೋ. ಹತ್ತಿರದಿಂದ ಹೊಡೆದಾಡುವಾಗ ಈ ಅಂತರ ಸಾಮಾನ್ಯದ್ದಲ್ಲ. ಅರ್ಧ ಗಂಟೆಯೊಳಗೆ ರೆಸೊಲ್ಯೂ ಬಾವುಟ ಇಳಿಸಿತು. ಫ್ರೆಂಚರ ಕಡೆ 25 ಜನ ಸತ್ತು 40 ಜನ ಗಾಯಗೊಂಡರು. ಬ್ರಿಟಿಷರ ಕಡೆ 6 ಸಾವು, 11 ಗಾಯಾಳುಗಳು.

ವ್ಯಾಪಾರಿ ಹಡಗುಗಳನ್ನು ಜಾಲಾಡಿದರೆ ಮದ್ದುಗುಂಡಿನ ಸುಳಿವೇ ಇಲ್ಲ. ಬರೀ ಗುಮಾನಿಗೆ 31 ಜೀವಗಳು ಹೋಗಿದ್ದವು.

ಮುಂದಿನದು ಇನ್ನೂ ವಿಚಿತ್ರ. ರೆಸೊಲ್ಯೂವನ್ನು ವಾಪಸ್ಸು ಒಯ್ಯಿರಿ ಎಂದರೆ ಫ್ರೆಂಚ್ ಕಪ್ತಾನ ಒಪ್ಪಲಿಲ್ಲ. ‘ನೀವು ಸೆರೆಹಿಡಿದದ್ದು, ನಿಮ್ಮದೇ’ ಎಂಬುದು ಅವನ ಪಟ್ಟು. ಕೊನೆಗೆ ಬ್ರಿಟಿಷರೇ ಅದನ್ನು ಎಳೆದೊಯ್ದು ಮಾಹೆಯ ಮುಂದೆ ಬಿಟ್ಟುಬಂದರು. ಫ್ರೆಂಚ್ ಕಮೊಡೋರ್ ಸೇಂಟ್ ಫೆಲಿಕ್ಸ್ ಕಟುವಾಗಿ ಪ್ರತಿಭಟಿಸಿದರೂ ಕ್ರಾಂತಿಯ ಗದ್ದಲದಲ್ಲಿದ್ದ ಪ್ಯಾರಿಸ್ ಈ ದೂರಿಗೆ ಹೆಚ್ಚು ಕಿವಿಗೊಡಲಿಲ್ಲ. ಉಭಯ ದೇಶಗಳ ನಡುವೆ ಯುದ್ಧ ಶುರುವಾದದ್ದು 1793ರಲ್ಲಿ, ಅದೂ ಬೇರೆ ಕಾರಣಗಳಿಗಾಗಿ. ಅಷ್ಟರಲ್ಲಿ ಟಿಪ್ಪು 1792ರ ಒಪ್ಪಂದದಂತೆ ಅರ್ಧ ರಾಜ್ಯ ಬಿಟ್ಟುಕೊಟ್ಟಿದ್ದ.

ರೆಸೊಲ್ಯೂ 1798ರಲ್ಲಿ ಐರ್ಲೆಂಡಿನ ಬಳಿ ಮತ್ತೆ ಬ್ರಿಟಿಷರ ಕೈಸೇರಿತು. ಫೀನಿಕ್ಸ್ 1805ರ ಆಗಸ್ಟ್‌ನಲ್ಲಿ ‘ದಿದೋಂ’ ಎಂಬ ಫ್ರೆಂಚ್ ಫ್ರಿಗೇಟಿನೊಡನೆ ಮೂರು ಗಂಟೆಗೂ ಹೆಚ್ಚು ಹೊತ್ತು ಸೆಣಸಿ ಅದನ್ನು ಸೆರೆಹಿಡಿಯಿತು.